ಬೀರು, ಸಂಪು, ಲಿಫ್ಟು: ನಮ್ಮ ಮನೆಯ ಯಾವ ವಸ್ತುವಿನಿಂದ ಬೇರೆ ಲೋಕಕ್ಕೆ ದಾರಿ?

ಓದುಕೂಟ, ಜಯನಗರ

ನಮ್ಮ ಬಡಾವಣೆಯ ಮಕ್ಕಳ ಓದುಕೂಟದಲ್ಲಿ ಈ ತಿಂಗಳು ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಮೊದಲ ಪುಸ್ತಕ ಹಿಡಿದಿದ್ದೇವೆ, 1950ರದ್ದು. ಬಾಂಬ್ ದಾಳಿಗೆ ಹೆದರಿ ಲಂಡನ್ನಿನಿಂದ ಹಳ್ಳಿಗಾಡಿನ ಪ್ರೊಫೆಸರೊಬ್ಬರ ಮನೆಗೆ ಕಳುಹಿಸಲಾದ ನಾಲ್ವರು ಮಕ್ಕಳು. ಅವರಲ್ಲಿ ಕಿರಿಯಳಾದ ಲೂಸಿ ಖಾಲಿ ಕೋಣೆಯೊಂದರ ಬಟ್ಟೆಯ ಕಪಾಟಿನೊಳಗೆ ನುಗ್ಗುತ್ತಾಳೆ. ತುಪ್ಪಳದ ಕೋಟುಗಳನ್ನು ಸರಿಸಿಕೊಂಡು ಮುಂದೆ ಹೋದಂತೆ ಕಾಲ ಕೆಳಗೆ ಏನೋ ಕರಕರ ಎನ್ನುತ್ತದೆ. ನುಸಿಗುಳಿಗೆ ಇರಬೇಕೆಂದು ಬಗ್ಗಿ ಮುಟ್ಟಿದರೆ ಹಿಮ. ಕಪಾಟಿನಾಚೆ ನಾರ್ನಿಯಾ ಎಂಬ ಬೇರೆಯೇ ಲೋಕ.

ಓದಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಮನೆಯಲ್ಲಿ ಅಂಥ ವಸ್ತು ಯಾವುದು, ಬರೆದುಕೊಂಡು ಬನ್ನಿ. ಬಹುಪಾಲು ಮಕ್ಕಳು ಬರೆದದ್ದು ಮೊಬೈಲ್ ಮತ್ತು ಟಿವಿ. ಕೆಲವರು ಲಿಫ್ಟ್ ಎಂದರು. ಒಬ್ಬಳು ಬಟ್ಟೆ ಒಗೆಯುವ ಯಂತ್ರ ಎಂದಳು, ಅವಳಿಗೆ ಮನಸ್ಸಿನಲ್ಲೇ ಪೂರ್ಣ ಅಂಕ ಕೊಟ್ಟೆ.

ನನ್ನ ತಕರಾರು ಮೊಬೈಲಿನ ಬಗ್ಗೆ. ಇಲ್ಲದ ಊರನ್ನು ತೋರಿಸುವುದೇ ಅದರ ದಿನನಿತ್ಯದ ಕೆಲಸ. ಅದು ಇನ್ನೊಂದು ಲೋಕ ತೋರಿಸಿದರೆ ಯಾರು ಬೆಚ್ಚುತ್ತಾರೆ? ಕೋಟು ತೂಗುಹಾಕಲೆಂದು ಮಾಡಿದ ಕಪಾಟು ತನ್ನ ಕೆಲಸ ಬಿಟ್ಟು ಕಾಡಾಗುವುದರಲ್ಲಿ ಬೆನ್ನು ಜುಮ್ಮೆನ್ನುವುದು. ಲೂಯಿಸ್ ಕ್ಯಾರಲ್ ಆಲಿಸಳನ್ನು 1865ರಲ್ಲಿ ಮೊಲದ ಬಿಲಕ್ಕೆ ಬೀಳಿಸಿದರು, ಆರು ವರ್ಷದ ಬಳಿಕ ಮನೆಯ ಕನ್ನಡಿಯೊಳಕ್ಕೇ ನಡೆಸಿದರು. ನನಗೆ ಎರಡನೆಯದೇ ಹೆಚ್ಚು ಭಯ ಹುಟ್ಟಿಸುತ್ತದೆ. ಬಿಲ ಕಾಡಿನದು, ಕನ್ನಡಿ ನಮ್ಮದು.

ಹಾಗಾದರೆ ಬೆಂಗಳೂರಿನ ಒಂದು ಸಾಧಾರಣ ಮನೆಯಲ್ಲಿ ಆ ಕಪಾಟಿನ ಸ್ಥಾನ ಯಾವುದಕ್ಕೆ? ಮುಂದಿನ ಭಾನುವಾರದೊಳಗೆ ನನಗೆ ಒಳ್ಳೆಯ ಉದಾಹರಣೆಗಳು ಬೇಕು.

ಹಳೆಗನ್ನಡಕ, ಹನುಮಂತನಗರ

ಎಲ್ಲರೂ ಬೀರು ಎನ್ನುತ್ತಾರೆ, ಅದಕ್ಕೇ ಮೊದಲು ನಾನು ಬೀರುವನ್ನು ಪಟ್ಟಿಯಿಂದ ತೆಗೆಯುತ್ತೇನೆ. ಬಾಗಿಲಿಗೆ ಕನ್ನಡಿ, ಒಳಗೆ ರೇಷ್ಮೆ ಸೀರೆ, ನುಸಿಗುಳಿಗೆಯ ವಾಸನೆ, ಲೂಸಿಯ ಕಪಾಟಿಗೆ ಬೇಕಾದದ್ದೆಲ್ಲ ಇದೆ ನಿಜ. ಆದರೆ ನಮ್ಮ ಮನೆಗಳಲ್ಲಿ ಬೀರುವಿನಷ್ಟು ಕಾವಲಿರುವ ವಸ್ತು ಇನ್ನೊಂದಿಲ್ಲ. ಕೀಲಿ ಅಮ್ಮನ ಸೊಂಟದಲ್ಲಿ, ಒಳಗಿನ ಪುಟ್ಟ ಖಾನೆಯ ಕೀಲಿ ಇನ್ನೆಲ್ಲೋ. ತಿಂಗಳ ಸಂಬಳ, ಮನೆಪತ್ರ, ಮದುವೆಯ ಒಡವೆ. ಪ್ರೊಫೆಸರರ ಮನೆಯ ಕಪಾಟಿಗೆ ಬೀಗವೇ ಹಾಕಿರಲಿಲ್ಲ, ಆ ಕೋಣೆಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಉಳಿದ ಮೂವರು ಹೊರಟೇಹೋದರು. ಬೀಗ ಹಾಕಿದ್ದು ಬೇರೆ, ಮರೆತುಬಿಟ್ಟದ್ದು ಬೇರೆ. ದಾರಿ ತೆರೆಯುವುದು ಮರೆತ ವಸ್ತುವಿನಲ್ಲಿ.

ಇನ್ನೊಂದು ಮಾತು. ಕಪಾಟಿನ ಉಪಾಯ ಲೂಯಿಸರೊಬ್ಬರದೇ ಅಲ್ಲ. ಈಡಿತ್ ನೆಸ್ಬಿಟ್ ಅವರ 1912ರ ಸಂಕಲನವೊಂದರಲ್ಲಿ ಅತ್ತೆಯ ಮನೆಯಲ್ಲಿ ಶಿಕ್ಷೆಗೆ ಗುರಿಯಾದ ಅಮಾಬೆಲ್ ಎಂಬ ಹುಡುಗಿಯ ಕಥೆ ಇದೆ. ಅವಳಿಗೆ ರೈಲ್ವೆ ವೇಳಾಪಟ್ಟಿಯೊಂದು ಸಿಗುತ್ತದೆ, ಅದರಲ್ಲಿರುವ ನಿಲ್ದಾಣದ ಹೆಸರೇ 'ಖಾಲಿ ಕೋಣೆಯ ದೊಡ್ಡ ಕಪಾಟು'. ಲೂಯಿಸ್ ನೆಸ್ಬಿಟ್ ಪುಸ್ತಕಗಳನ್ನು ಓದಿ ಬೆಳೆದವರು.

ತಮ್ಮ ಕಪಾಟು ಏಕೆ ಹಾಗೆ ಎಂಬುದಕ್ಕೆ ಅವರು 1955ರ ಪುಸ್ತಕದಲ್ಲಿ ಕಾರಣವನ್ನೂ ಕೊಟ್ಟರು. ನಾರ್ನಿಯಾದಿಂದ ತಂದ ಸೇಬಿನ ಬೀಜ ಲಂಡನ್ನಿನ ಹಿತ್ತಲಲ್ಲಿ ಮರವಾಗಿ, ಬಿರುಗಾಳಿಗೆ ಬಿದ್ದು, ಅದರ ಮರದಿಂದ ಕಪಾಟು ಮಾಡಿಸಿದರಂತೆ. ಈ ವಿವರಣೆ ನನಗೆ ಇಷ್ಟವಿಲ್ಲ. ಐದು ವರ್ಷ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತಾಯಿತು.

ಎರಡು ಮಕ್ಕಳ ಅಮ್ಮ, ವಿಜಯನಗರ

ಚರ್ಚೆ ಚೆನ್ನಾಗಿದೆ. ಆದರೆ ಆ ಭಾಗ ಓದಿದ ಸಂಜೆಯೇ ನನ್ನ ಮಗ ಬಟ್ಟೆಯ ಕಪಾಟಿನಲ್ಲಿ ಕುಳಿತು ಬಾಗಿಲೆಳೆದುಕೊಂಡಿದ್ದ. ಲೂಯಿಸ್ ಈ ಅಪಾಯವನ್ನು ಬಲ್ಲವರು. ಕಪಾಟಿನೊಳಗೆ ತಾನೇ ಬಾಗಿಲು ಹಾಕಿಕೊಳ್ಳುವುದು ದಡ್ಡತನ ಎಂದು ಕಥೆಯ ನಡುವೆ ಮತ್ತೆಮತ್ತೆ ಹೇಳುತ್ತಾರೆ. ಲೂಸಿ ಬಾಗಿಲು ತೆರೆದಿಟ್ಟೇ ಒಳಗೆ ಹೋಗುತ್ತಾಳೆ. ಅಣ್ಣ ಎಡ್ಮಂಡ್ ಮುಚ್ಚಿಕೊಳ್ಳುತ್ತಾನೆ, ಅವನ ಬುದ್ಧಿ ಎಂಥದ್ದೆಂದು ಅಲ್ಲೇ ತಿಳಿಯುತ್ತದೆ. ಆ ಸಾಲುಗಳನ್ನು ಹಾರಿಸದೆ ಓದಿ ಸರ್.

ಕಥಾಸರಿತ್ತು, ಮಲ್ಲೇಶ್ವರ

ಓದುಕೂಟದವರೇ, ಒಂದು ಮೂಲಭೂತ ಪ್ರಶ್ನೆ. ನಮ್ಮ ಮಕ್ಕಳಿಗೆ ಈ ಬಾಗಿಲುಗಳೇ ಬೇಕೇ? ನಮ್ಮ ಕಥೆಗಳಲ್ಲಿ ಲೋಕಗಳ ನಡುವೆ ಗೋಡೆಯಿಲ್ಲ. ಮೇಲೆ ದೇವಲೋಕ, ಕೆಳಗೆ ಪಾತಾಳ, ನಡುವೆ ನಾವು. ನಾರದರು ಬೆಳಿಗ್ಗೆ ಅಲ್ಲಿ, ಸಂಜೆ ಇಲ್ಲಿ. ನಾ. ಕಸ್ತೂರಿಯವರು ಆಲಿಸಳನ್ನು ಪಾಪಚ್ಚಿ ಮಾಡಿ 'ಪಾತಾಳದಲ್ಲಿ ಪಾಪಚ್ಚಿ' ಬರೆದಾಗ ಕನ್ನಡದ ಮಗುವಿಗೆ ಆ ವಿಳಾಸ ಮೊದಲೇ ಗೊತ್ತಿತ್ತು.

ದಿನಬಳಕೆಯ ವಸ್ತುವೇ ಬೇಕೆಂದರೆ ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರ ತೆರೆಯಿರಿ. ಮಯಾಸುರನ ಇಬ್ಬರು ಮಕ್ಕಳು ಒಂದು ಜೊತೆ ಪಾದುಕೆ, ಒಂದು ಕೋಲು, ಒಂದು ಪಾತ್ರೆಗಾಗಿ ಹೊಡೆದಾಡುತ್ತಿರುತ್ತಾರೆ. ಮೆಟ್ಟಿದರೆ ಆಕಾಶದಲ್ಲಿ ಹಾರುವ ಪಾದುಕೆ, ಬರೆದದ್ದು ನಿಜವಾಗುವ ಕೋಲು, ನೆನೆದ ಊಟ ಕೊಡುವ ಪಾತ್ರೆ. ಓಡಿ ಗೆದ್ದವರಿಗೆ ಇವು ಎಂದು ಪುತ್ರಕ ಎಂಬ ಕಥಾನಾಯಕ ಅವರನ್ನು ಓಟಕ್ಕೆ ಬಿಟ್ಟು, ತಾನು ಪಾದುಕೆ ಮೆಟ್ಟಿ ಹಾರಿಹೋಗುತ್ತಾನೆ. ಪಾಟಲಿಪುತ್ರ ಹುಟ್ಟಿದ್ದೇ ಆ ಕೋಲಿನ ಗೆರೆಯಿಂದ. ಚಪ್ಪಲಿ, ಕೋಲು, ಪಾತ್ರೆ. ಇದಕ್ಕಿಂತ ಸಾಧಾರಣ ವಸ್ತುಗಳು ಬೇಕೇ?

ಓದುಕೂಟ, ಜಯನಗರ

ಪುತ್ರಕನ ಕಥೆ ಈ ಭಾನುವಾರವೇ ಹೇಳುತ್ತೇನೆ, ಉಪಕಾರವಾಯಿತು. ಆದರೆ ಪಾದುಕೆ ವಾಹನ, ಬಾಗಿಲಲ್ಲ. ವಾಹನ ಏರಿದವನ ಮಾತು ಕೇಳುತ್ತದೆ, ಪುತ್ರಕ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗುತ್ತಾನೆ. ಬಾಗಿಲಿಗೆ ತನ್ನದೇ ಮರ್ಜಿ. ಲೂಸಿ ಅಣ್ಣಂದಿರನ್ನೂ ಅಕ್ಕನನ್ನೂ ಎಳೆದುಕೊಂಡು ಬಂದು ಕಪಾಟು ತೋರಿಸಿದರೆ ಹಿಂಬದಿಯಲ್ಲಿ ಗಟ್ಟಿ ಹಲಗೆ ಮಾತ್ರ. ಆ ಅವಮಾನ ಇಡೀ ಪುಸ್ತಕದಲ್ಲೇ ನನಗೆ ಅತ್ಯಂತ ನಿಜವೆನಿಸುವ ಘಟನೆ. ಕಂಡದ್ದನ್ನು ಹೇಳಿದ ಮಗು ಸುಳ್ಳುಗಾರ್ತಿಯಾಗುತ್ತದೆ. ಪಾದುಕೆಯಿದ್ದವನಿಗೆ ಆ ಕಷ್ಟವಿಲ್ಲ, ಹಾರಿ ತೋರಿಸಿದರಾಯಿತು.

ಹ್ಯಾರಿ ಪಾಟರ್ ಪುಸ್ತಕಗಳು ಇಲ್ಲೇ ನನಗೆ ಸಪ್ಪೆಯೆನಿಸುವುದು. ಹಳೆಯ ಬೂಟೊಂದನ್ನು ಮುಟ್ಟಿದರೆ ಇನ್ನೊಂದು ಊರು, ಆದರೆ ಅದು ನಿಗದಿಯಾದ ವೇಳೆಗೆ ಹೊರಡುತ್ತದೆ. ಮಾಯಾಶಾಲೆಯ ರೈಲು ಹೊರಡುವ ಒಂಬತ್ತು ಮುಕ್ಕಾಲನೆಯ ಪ್ಲಾಟ್‌ಫಾರ್ಮಿಗೂ ವೇಳಾಪಟ್ಟಿ. ಮಜಾ ಇದೆ, ಬೆರಗು ಕಡಿಮೆ.

ಕಥಾಸರಿತ್ತು, ಮಲ್ಲೇಶ್ವರ

ವಾಹನ, ಬಾಗಿಲು ಎಂಬ ಭೇದ ಒಪ್ಪಿದೆ. ಹಾಗಾದರೆ ಬಾಗಿಲುಗಳನ್ನೇ ಕೊಡುತ್ತೇನೆ. ಪ್ರಳಯಜಲದಲ್ಲಿ ಅಲೆಯುವ ಮಾರ್ಕಂಡೇಯನಿಗೆ ಆಲದ ಮರದಲ್ಲಿ ಮಲಗಿದ ಶಿಶುವೊಂದು ಕಾಣುತ್ತದೆ. ಶಿಶು ಉಸಿರೆಳೆದುಕೊಂಡಾಗ ಋಷಿ ಒಳಗೆ ಸೇರುತ್ತಾನೆ, ಅಲ್ಲಿ ನದಿ, ಪರ್ವತ, ಊರು, ಮುಳುಗಿಹೋದ ಲೋಕವೆಲ್ಲ ಹಾಗೇ ಇದೆ. ಉಸಿರು ಬಿಟ್ಟಾಗ ಹೊರಗೆ, ಮತ್ತೆ ಬರೀ ನೀರು. ಅವನು ಕೇಳಿ ಒಳಗೆ ಹೋದದ್ದಲ್ಲ, ಕೇಳಿ ಹೊರಗೆ ಬಂದದ್ದೂ ಅಲ್ಲ. ಯೋಗವಾಸಿಷ್ಠದ ಲೀಲಾ ಎಂಬ ರಾಣಿಯ ಕಥೆಯಲ್ಲಿ ಒಂದು ಮನೆಯೊಳಗಿನ ಅಂಗೈಯಗಲದ ಜಾಗದಲ್ಲಿ ಇಡೀ ರಾಜ್ಯ, ಆ ರಾಜ್ಯದೊಳಗೆ ಇನ್ನೊಂದು.

ನಿಜವಾದ ವ್ಯತ್ಯಾಸ ಬಾಗಿಲಿನಲ್ಲಿಲ್ಲ, ಗಡಿಯಾರದಲ್ಲಿದೆ. ನಾರ್ನಿಯಾದಲ್ಲಿ ಮಕ್ಕಳು ರಾಜರಾಣಿಯರಾಗಿ ಬೆಳೆದು ದೊಡ್ಡವರಾಗಿ ಮರಳಿದರೂ ಪ್ರೊಫೆಸರರ ಮನೆಯಲ್ಲಿ ಹೊರಟ ಗಳಿಗೆಯೇ. ನಮ್ಮ ಕಕುದ್ಮಿ ರಾಜ ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ. ಸಂಗೀತ ನಡೆಯುತ್ತಿತ್ತು, ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದಿದ್ದವು, ಅವನು ಮನಸ್ಸಿನಲ್ಲಿಟ್ಟಿದ್ದ ವರಗಳ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ಕೊನೆಗೆ ಬಲರಾಮನಿಗೆ ಕೊಟ್ಟು ಮದುವೆ ಮಾಡಿದರು.

ಎರಡು ಮಕ್ಕಳ ಅಮ್ಮ, ವಿಜಯನಗರ

ಮನೆಯ ಗಡಿಯಾರ ಓಡದಿರುವುದಕ್ಕೆ ಕಾರಣ ಸರಳ. ಮಕ್ಕಳ ಪುಸ್ತಕದಲ್ಲಿ ಅಮ್ಮ ಹುಡುಕಿಕೊಂಡು ಬರಬಾರದು. ಬಂದರೆ ಎರಡನೇ ಅಧ್ಯಾಯಕ್ಕೇ ಕಥೆ ಮುಗಿಯುತ್ತದೆ. ಕಕುದ್ಮಿ ಮಗಳನ್ನು ಜೊತೆಗೇ ಕರೆದುಕೊಂಡು ಹೋದದ್ದರಿಂದ ಆ ಚಿಂತೆಯಿರಲಿಲ್ಲ.

ನೈಸ್ ರಸ್ತೆ ಪ್ರಯಾಣಿಕ

ಟೋಲ್ ಕಟ್ಟೆಯನ್ನು ಯಾರೂ ಹೇಳಲಿಲ್ಲವಲ್ಲ. ನಾರ್ಟನ್ ಜಸ್ಟರ್ ಅವರ 1961ರ ಪುಸ್ತಕದಲ್ಲಿ ಎಲ್ಲದಕ್ಕೂ ಬೇಸರಪಡುವ ಮೈಲೊ ಎಂಬ ಹುಡುಗನ ಕೋಣೆಗೆ ಪೊಟ್ಟಣದಲ್ಲಿ ಟೋಲ್ ಕಟ್ಟೆಯೊಂದು ಬರುತ್ತದೆ. ಜೋಡಿಸಿ, ಆಟದ ಕಾರಿನಲ್ಲಿ ಕುಳಿತು, ನಾಣ್ಯ ಹಾಕಿ ದಾಟಿದರೆ ಪದಗಳ ಊರು, ಅಂಕಿಗಳ ಊರು. ವಾರಗಟ್ಟಲೆ ಅಲೆದೆನೆಂದುಕೊಂಡು ಮರಳಿದರೆ ಮನೆಯಲ್ಲಿ ಕಳೆದದ್ದು ಒಂದೇ ಗಂಟೆ. ನಾವು ದುಡ್ಡು ಕಟ್ಟಿ ದಾಟಿದ ಮೇಲೆ ಸಿಗುವುದು ಸಿಲ್ಕ್ ಬೋರ್ಡ್ ವೃತ್ತದ ವಾಹನದಟ್ಟಣೆ.

ವಠಾರದ ಹುಡುಗ, ಚಾಮರಾಜಪೇಟೆ

ಇಲ್ಲಿಯವರೆಗಿನ ಮಾತುಗಳಲ್ಲಿ ಒಂದನ್ನು ಎಲ್ಲರೂ ಸುಮ್ಮನೆ ಒಪ್ಪಿಕೊಂಡಿದ್ದೀರಿ, ಮನೆಯಲ್ಲಿ ಖಾಲಿ ಕೋಣೆ ಇರುತ್ತದೆ ಎಂದು. ಪ್ರೊಫೆಸರರದು ಎಷ್ಟು ಕೋಣೆಯಿದೆಯೆಂದೇ ತಿಳಿಯದ ಮನೆ. ನಾನು ಬೆಳೆದದ್ದು ವಠಾರದಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ನಲ್ಲಿಯೂ ಪಾಯಿಖಾನೆಯೂ ಎಲ್ಲರಿಗೂ ಸೇರಿ. ಮರೆತುಬಿಟ್ಟ ವಸ್ತು ಎಂಬುದು ಅಲ್ಲಿ ಇರಲು ಸಾಧ್ಯವೇ ಇಲ್ಲ. ಹಳೆಯ ಟ್ರಂಕಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಪುಸ್ತಕದ ಚೀಲ, ಕೆಡದೆ ಉಳಿದದ್ದೆಲ್ಲ ದುಡಿಯುತ್ತಿತ್ತು. ಹಳೆಗನ್ನಡಕರ ನಿಯಮದಂತೆ ಬಡವರ ಮನೆಯಿಂದ ಯಾವ ಲೋಕಕ್ಕೂ ದಾರಿಯಿಲ್ಲ.

ಆದರೆ ಇನ್ನೊಂದು ಜಾತಿಯ ಬಾಗಿಲು ಇದೆ, ನನ್ನ ಪ್ರಕಾರ ಬೆಂಗಳೂರಿಗೆ ಹೇಳಿಮಾಡಿಸಿದ್ದು. ಫಿಲಿಪಾ ಪಿಯರ್ಸ್ ಅವರ 'ಟಾಮ್ಸ್ ಮಿಡ್‌ನೈಟ್ ಗಾರ್ಡನ್' 1958ರದ್ದು, ಮಕ್ಕಳ ಪುಸ್ತಕಗಳಿಗೆ ಕೊಡುವ ಕಾರ್ನೆಗಿ ಪದಕ ಪಡೆದದ್ದು. ತಮ್ಮನಿಗೆ ದಡಾರವೆಂದು ಟಾಮ್‌ನನ್ನು ಚಿಕ್ಕಪ್ಪ ಚಿಕ್ಕಮ್ಮನ ಫ್ಲ್ಯಾಟಿಗೆ ಕಳುಹಿಸುತ್ತಾರೆ. ಆ ಫ್ಲ್ಯಾಟು ಹಿಂದೆ ಒಂದು ದೊಡ್ಡ ಬಂಗಲೆಯಾಗಿದ್ದುದರ ಚೂರು. ಕೆಳಗಿನ ಹಜಾರದಲ್ಲಿ ಹಳೆಯ ನಿಲುಗಡಿಯಾರವೊಂದು ಉಳಿದಿದೆ. ಅದು ನಡುರಾತ್ರಿ ಹದಿಮೂರು ಬಾರಿಸುತ್ತದೆ. ಹಗಲಿನಲ್ಲಿ ಹಿಂಬಾಗಿಲು ತೆರೆದರೆ ಕಸದ ಡಬ್ಬಗಳಿರುವ ಇಕ್ಕಟ್ಟಾದ ಅಂಗಳ, ಹದಿಮೂರು ಬಾರಿಸಿದ ಮೇಲೆ ತೆರೆದರೆ ಆ ಬಂಗಲೆಯ ತೋಟ, ಮರ, ಹುಲ್ಲುಹಾಸು, ಆಟಕ್ಕೊಬ್ಬಳು ಹುಡುಗಿ. ಮೇಲಿನ ಮಹಡಿಯ ಮುದುಕಿಯ ವಿಚಾರ ಹೇಳುವುದಿಲ್ಲ, ಓದದವರಿಗೆ ಕೊನೆ ಕೆಡುತ್ತದೆ.

ನೀಲ್ ಗೇಮನ್ ಅವರ 2002ರ 'ಕೊರಲೈನ್' ಕೂಡ ಹೀಗೆಯೇ ಹೋಳಾದ ಮನೆಯಲ್ಲಿ ನಡೆಯುತ್ತದೆ. ದಿವಾನಖಾನೆಯ ಒಂದು ಬಾಗಿಲು ತೆರೆದರೆ ಇಟ್ಟಿಗೆ ಗೋಡೆ, ಏಕೆಂದರೆ ಮನೆಯನ್ನು ಫ್ಲ್ಯಾಟುಗಳಾಗಿ ಒಡೆದಾಗ ಆ ಕಡೆಗೆ ಗೋಡೆ ಕಟ್ಟಿದರು. ಒಂದು ದಿನ ಗೋಡೆ ಇರುವುದಿಲ್ಲ. ಎರಡೂ ಪುಸ್ತಕಗಳಲ್ಲಿ ದಾರಿ ತೆರೆಯುವುದು ಮನೆಯನ್ನು ಕತ್ತರಿಸಿದ ಗಾಯದಲ್ಲಿ.

ಈಗ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಒಂದು ಸುತ್ತು ಹಾಕಿ. ಹೆಂಚಿನ ಮನೆಯೊಂದು ಉರುಳಿ ಮೂರು ಮಹಡಿ ಎದ್ದಿರುತ್ತದೆ, ಹಳೆಯ ಗೇಟಿನ ಕಲ್ಲುಕಂಬ ಒಂದು ಮಾತ್ರ ಮೂಲೆಯಲ್ಲಿ ಉಳಿದಿರುತ್ತದೆ. ಹಿತ್ತಲಿನ ಹಲಸಿನ ಮರ ಈಗ ಯಾರ ಪಾರ್ಕಿಂಗ್ ಜಾಗ? ಮನೆಗಳಷ್ಟೇ ಅಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ, ಅದರ ಪಕ್ಕದಲ್ಲಿ ಕರಗದ ವಿಧಿಗೆಂದು ಪುಟ್ಟ ಕೊಳವೊಂದು ಈಗಲೂ ಉಳಿದಿದೆ. ಊರಿನ ಅಡಿಯಲ್ಲಿ ಊರೊಂದು ಇದೆಯೆಂದು ನಮಗೆಲ್ಲ ಗೊತ್ತು. ಓದುಕೂಟದ ಮಕ್ಕಳಿಗೆ ನಾರ್ನಿಯಾದಂಥ ಲೋಕ ಕಟ್ಟಲು ಹೇಳಬೇಡಿ. ಇದ್ದ ತೋಟ, ಇದ್ದ ಕೆರೆಗೆ ಇಳಿಯುವ ಒಂದು ವಸ್ತು ಹುಡುಕಲು ಹೇಳಿ. ಅದಕ್ಕೆ ಖಾಲಿ ಕೋಣೆ ಬೇಕಿಲ್ಲ.

ಸಂಘದ ಕಾರ್ಯದರ್ಶಿ, ಬನಶಂಕರಿ

ಆ ವಸ್ತು ಎಲ್ಲರ ಮನೆಯಲ್ಲೂ ಇದೆ, ಸಂಪಿನ ಮುಚ್ಚಳ. ಮೆಟ್ಟಿಲ ಕೆಳಗೋ ಗೇಟಿನ ಒಳಗೋ ನೆಲದಲ್ಲೊಂದು ಚೌಕ, ಕಬ್ಬಿಣದ ಹಿಡಿ. ದಿನಕ್ಕೆ ಹತ್ತು ಸಲ ಅದರ ಮೇಲೇ ನಡೆಯುತ್ತೇವೆ. ತೆರೆದರೆ ಕತ್ತಲೆ, ತಂಪು, ನಮ್ಮ ಮಾತೇ ನಮಗೆ ತಿರುಗಿ ಕೇಳುತ್ತದೆ. ಒಳಗಿನ ನೀರು ಈ ಊರಿನದ್ದಲ್ಲ ಎಂಬುದೂ ನಿಜವೇ. ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆಮತ್ತೆ ಪಂಪು ಮಾಡಿಸಿಕೊಂಡು, ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರ ಹತ್ತಿ ಬರುವ ಕಾವೇರಿ. 1974ರಲ್ಲಿ ಮೊದಲ ಹಂತ ಬಂದಾಗಿನಿಂದ ನಾವು ಇನ್ನೊಂದು ಜಿಲ್ಲೆಯ ನೀರಿನ ಮೇಲೆ ನಿಂತು ವಾಸಿಸುತ್ತಿದ್ದೇವೆ.

ಸಲ್ಮಾನ್ ರಶ್ದಿಯವರ 1990ರ ಹಾರೂನ್ ಕಥೆಯಲ್ಲಿ ಬಚ್ಚಲುಮನೆಗೆ ಒಬ್ಬ ಜಲಭೂತ ಬರುತ್ತಾನೆ. ಹಾರೂನನ ಅಪ್ಪನಿಗೆ ಬರುತ್ತಿದ್ದ ಕಥೆಯ ನೀರಿನ ಸಂಪರ್ಕ ಕಡಿತಗೊಳಿಸುವುದು ಅವನ ಕೆಲಸ. ಹಾರೂನ್ ಅವನ ಉಪಕರಣ ಕಸಿದುಕೊಂಡು, ಅದನ್ನು ಹಿಡಿದೇ ಕಥಾಸಮುದ್ರದವರೆಗೆ ಹೋಗುತ್ತಾನೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾದವರಿಗೆ ಈ ಕಥೆ ವಿವರಿಸಬೇಕಿಲ್ಲ.

ಮಕ್ಕಳಿಗೆ ಹೇಳುವಾಗ ಮಾತ್ರ ಜಾಗ್ರತೆ. ಸಂಪು ತೊಳೆಯಲು ಇಳಿಯುವ ದೊಡ್ಡವರೇ ಒಳಗೆ ಗಾಳಿಯಿಲ್ಲದೆ ಜೀವ ಬಿಟ್ಟಿದ್ದಾರೆ. ಹಳ್ಳಿಗಳಲ್ಲಿ ಹಗೇವಿಗೆ, ಅಂದರೆ ಕಾಳು ಕೂಡಿಡುವ ನೆಲಗುಂಡಿಗೆ, ಇಳಿಯುವ ಮುನ್ನ ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಡುತ್ತಿದ್ದುದೂ ಇದೇ ಕಾರಣಕ್ಕೆ. ನಮ್ಮ ಸಂಘದಲ್ಲಿ ಮುಚ್ಚಳಕ್ಕೆ ಬೀಗವಿದೆ. ಕಥೆಯಲ್ಲಿ ಬೇಕಾದರೆ ತೆರೆದುಕೊಳ್ಳಲಿ.

ಏಳನೇ ತರಗತಿ ಬಿ ವಿಭಾಗ

ನಾನು ಓದುಕೂಟಕ್ಕೆ ಬರುವವಳು. ಮೊಬೈಲ್ ಎಂದು ಬರೆದವರಲ್ಲಿ ನಾನೂ ಒಬ್ಬಳು. ಅಂಕಲ್, ನೀವು ಪೂರ್ತಿ ಓದಲಿಲ್ಲ. ನಾನು ಬರೆದದ್ದು ಅಪ್ಪನ ಹಳೆಯ ಮೊಬೈಲಿನ ಬಗ್ಗೆ. ಅದು ಕೆಟ್ಟಿದೆ, ಚಾರ್ಜ್ ಆಗುವುದಿಲ್ಲ, ಮೇಜಿನ ಖಾನೆಯಲ್ಲಿ ಬಿದ್ದಿದೆ. ಪರದೆ ಕಪ್ಪಗಿದೆ, ಅದರಲ್ಲಿ ನನ್ನ ಮುಖ ಕಾಣುತ್ತದೆ. ಒಂದು ದಿನ ಆ ಮುಖ ನನಗಿಂತ ತಡವಾಗಿ ಕಣ್ಣು ಮಿಟುಕಿಸುತ್ತದೆ. ಅಷ್ಟೇ ಬರೆದಿದ್ದೆ. ಮತ್ತೆ ಡೋರೇಮಾನ್ ಕಾರ್ಟೂನಿನಲ್ಲಿ ನೊಬಿತಾ ಎಂಬ ಹುಡುಗನ ಮೇಜಿನ ಖಾನೆಯಲ್ಲೇ ಕಾಲಯಂತ್ರ ಇರುವುದು. ಅದನ್ನೂ ಯಾರೂ ಹೇಳಲಿಲ್ಲ.

ಓದುಕೂಟ, ಜಯನಗರ

ತಡವಾಗಿ ಕಣ್ಣು ಮಿಟುಕಿಸುವ ಮುಖ! ಇದು ಆಲಿಸಳ ಕನ್ನಡಿಗಿಂತ ಒಂದು ಹೆಜ್ಜೆ ಮುಂದೆ. ಕೆಲಸ ಕಳೆದುಕೊಂಡ ಮೊಬೈಲ್ ಮತ್ತೆ ವಸ್ತುವಾಗುತ್ತದೆ, ಖಾನೆಗೆ ಸೇರಿದ ಮೇಲೆ ಹಳೆಗನ್ನಡಕರ ಮರೆತ ವಸ್ತುವೂ ಆಗುತ್ತದೆ. ಭಾನುವಾರ ನೀನೇ ಮೊದಲು ಓದಬೇಕು ಪುಟ್ಟಿ, ಮುಂದೇನಾಯಿತು ಎಂಬುದನ್ನೂ ಬರೆದುಕೊಂಡು ಬಾ.

ಹಳೆಗನ್ನಡಕ, ಹನುಮಂತನಗರ

ವಠಾರದ ಹುಡುಗರ ಆಕ್ಷೇಪಕ್ಕೆ ಒಂದು ಸೇರ್ಪಡೆ. ಖಾಲಿ ಕೋಣೆಯಿಲ್ಲದವರನ್ನು ಮಾತ್ರವಲ್ಲ, ಈ ಬಾಗಿಲುಗಳು ಇನ್ನೂ ಹಲವರನ್ನು ಹೊರಗಿಡುತ್ತವೆ. ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು ನೆನೆಯಿರಿ. ಸಿಲ್ಕ್ ಬೋರ್ಡ್ ಪಕ್ಕದ ಬೊಮ್ಮನಹಳ್ಳಿಯೆಂದು ನನ್ನ ಮೊಮ್ಮಗ ನಂಬಿದ್ದಾನೆ. ಅದು ತುಂಗೆಯ ದಡದ್ದೆಂದು ಹೇಳಿದರೂ ಕೇಳುವುದಿಲ್ಲ, ಇಲಿಗಳು ಇಲ್ಲೂ ಇವೆ ಎನ್ನುತ್ತಾನೆ. ಬೆಟ್ಟ ಬಾಯಿ ತೆರೆಯುತ್ತದೆ, ಮಕ್ಕಳೆಲ್ಲ ಒಳಗೆ ಹೋಗುತ್ತಾರೆ, ಕುಂಟ ಹುಡುಗನೊಬ್ಬ ಹಿಂದೆ ಉಳಿಯುತ್ತಾನೆ. ಇದರ ಮೂಲವಾದ ಬ್ರೌನಿಂಗ್ ಅವರ 1842ರ ಕವನದಲ್ಲೂ ಅವನಿದ್ದಾನೆ, ಜೊತೆಗಾರರು ಹೋದ ಆ ಸೊಗಸಿನ ನಾಡನ್ನು ನೆನೆದು ಕೊರಗುತ್ತಾನೆ.

ನಾರ್ನಿಯಾದಲ್ಲಿ ಹೊರಗಿಡುವುದು ವಯಸ್ಸು. ಎರಡನೆಯ ಪುಸ್ತಕದ ಕೊನೆಯಲ್ಲಿ ಪೀಟರ್ ಮತ್ತು ಸೂಸನ್‌ಗೆ, ಮೂರನೆಯದರ ಕೊನೆಯಲ್ಲಿ ಎಡ್ಮಂಡ್ ಮತ್ತು ಲೂಸಿಗೆ, ನೀವು ದೊಡ್ಡವರಾದಿರಿ, ಇನ್ನು ಬರುವಂತಿಲ್ಲ ಎಂದು ಹೇಳಿಬಿಡುತ್ತಾರೆ. ಬಸ್ಸಿನ ಅರ್ಧ ಟಿಕೆಟ್ಟಿನಂತೆ ಒಂದು ಹುಟ್ಟುಹಬ್ಬದ ಮರುದಿನದಿಂದ ಬಂದ್. ನನಗೆ ಈಗಲೂ ಆ ಪುಟಗಳ ಮೇಲೆ ಸಿಟ್ಟು. ಟಾಮ್‌ನ ತೋಟ ಆ ಲೆಕ್ಕದಲ್ಲಿ ಉದಾರ, ಅಲ್ಲಿ ದೊಡ್ಡವರಾದವರಿಗೂ ಒಂದು ಪಾತ್ರವಿದೆ. ಇದಕ್ಕಿಂತ ಹೆಚ್ಚು ಹೇಳಿದರೆ ವಠಾರದ ಹುಡುಗರು ಬೈಯುತ್ತಾರೆ.

ಎರಡು ಮಕ್ಕಳ ಅಮ್ಮ, ವಿಜಯನಗರ

ಕೊರಲೈನ್ ಒಂಬತ್ತು ವರ್ಷದವನಿಗೆ ಕೊಡಬಹುದೇ? ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದುಕೊಂಡ ಇನ್ನೊಬ್ಬಳು ಅಮ್ಮ ಬರುತ್ತಾಳೆಂದು ಕೇಳಿದ್ದೇನೆ.

ವಠಾರದ ಹುಡುಗ, ಚಾಮರಾಜಪೇಟೆ

ಬರುತ್ತಾಳೆ ಮೇಡಂ. ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಹೆಚ್ಚು ಹೆದರುವ ಪುಸ್ತಕ ಅದು. ಆದರೂ ಕಪಾಟಿನಲ್ಲಿ ಕುಳಿತು ಬಾಗಿಲೆಳೆದುಕೊಳ್ಳುವ ಹುಡುಗನೆಂದರೆ ಮೊದಲು ಟಾಮ್, ಹಗಲು ಹೊತ್ತಿನಲ್ಲಿ, ನೀವು ಪಕ್ಕದಲ್ಲಿ ಕುಳಿತು. ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ಸಿಗದಿದ್ದರೆ ಹೇಳಿ, ನನ್ನ ಪ್ರತಿ ಕೊಡುತ್ತೇನೆ, ಹೊದಿಕೆ ಹರಿದಿದೆ.